ಹೇಳಿ ಹೊಡೆ

ನನ್ನ ಮೊಮ್ಮಗಳಿಗೆ ಶಾಲೆಯ ಟೆನಿಸ್ ತಂಡದಲ್ಲಿ ದಾನಿ ಎಂದು ಹೆಸರು ಬಿದ್ದಿತ್ತು. ಕೇಳಿದವರು ಯಾರೋ ದೊಡ್ಡ ಮನಸ್ಸಿನ ಹುಡುಗಿ ಇರಬೇಕು ಎಂದುಕೊಂಡಾರು. ಹಾಗಲ್ಲ. ಟೆನಿಸ್‌ನಲ್ಲಿ ಆಟ ಶುರು ಮಾಡುವವರು ನೆಟ್‌ನ ಆಚೆ, ಓರೆಯಾಗಿ ಎದುರಿಗಿರುವ ಚೌಕದೊಳಗೆ ಚೆಂಡು ಬೀಳುವಂತೆ ಹೊಡೆಯಬೇಕು. ಅದಕ್ಕೆ ಸರ್ವ್ ಎನ್ನುತ್ತಾರೆ. ಮೊದಲನೆಯದು ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದು. ಎರಡೂ ತಪ್ಪಿದರೆ ಎದುರಿನವರಿಗೆ ಪುಕ್ಕಟೆ ಒಂದು ಪಾಯಿಂಟು. ಇವಳು ಅಂಥ ಪುಕ್ಕಟೆ ಪಾಯಿಂಟುಗಳನ್ನು ಕೈಬಿಚ್ಚಿ ಹಂಚುತ್ತಿದ್ದಳು. ಅದಕ್ಕೇ ದಾನಿ. ಬೇರೆ ಶಾಲೆಯ ಮಕ್ಕಳಿಗೆಲ್ಲ ಇವಳೆಂದರೆ ಅಚ್ಚುಮೆಚ್ಚು.

ನಮ್ಮದು ಬಟ್ಟೆ ಆಲ್ಟ್ರೇಷನ್ ಮಾಡಿಕೊಡುವ ಅಂಗಡಿ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು. ನನ್ನ ಮಗಳು ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಊಟಕ್ಕೂ ನಾವೇ ಎಬ್ಬಿಸಬೇಕು. ಕೈಹೊಲಿಗೆ ನನ್ನ ಪಾಲಿನದು. ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಮಾಡುವುದು. ಇದಕ್ಕೆ ಅಂಗಡಿಯಲ್ಲೇ ಕೂರಬೇಕೆಂದಿಲ್ಲ, ಬೆಳಕಿದ್ದರೆ ಸಾಕು. ಶಾಲೆಯ ಹಿಂದಿನ ಟೆನಿಸ್ ಕೋರ್ಟಿನ ಬೆಂಚಿನ ಮೇಲೆ ಸಂಜೆ ಒಳ್ಳೆಯ ಬೆಳಕು ಬೀಳುತ್ತಿತ್ತು. ಮೊಮ್ಮಗಳನ್ನು ಕರೆತರುವ ನೆಪದಲ್ಲಿ ಚೀಲ ಹಿಡಿದುಕೊಂಡು ಹೋಗಿ ಅಲ್ಲಿ ಕೂರುತ್ತಿದ್ದೆ. ಆಟ ನೋಡುತ್ತ ನೋಡುತ್ತ ಎಷ್ಟೋ ಪ್ಯಾಂಟುಗಳ ಕಾಲು ಮುಗಿಸಿದ್ದೇನೆ. ಪಾಯಿಂಟು ಎಣಿಸುವಾಗ ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ಬರದೆ ನಲವತ್ತು ಯಾಕೆ ಬರುತ್ತದೆ ಎಂದು ಅಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನಾನೂ ಅವರ ಹಾಗೆ ಒಪ್ಪಿಕೊಂಡುಬಿಟ್ಟೆ.

ಸೋತ ದಿನ ಇವಳು ದಾರಿಯುದ್ದಕ್ಕೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಬರುತ್ತಿದ್ದಳು. ಮಗಳಿಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. "ಅಳೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕೇ? ಇಲ್ಲೇ ಕೂತು ಅತ್ರೆ ಶೂ ಆದ್ರೂ ಸವೆಯಲ್ಲ," ಎನ್ನುತ್ತಿದ್ದಳು. ಇವಳು ಅಷ್ಟಕ್ಕೆ ಮತ್ತೊಂದಿಷ್ಟು ಅಳುತ್ತಿದ್ದಳು. ಆದರೆ ಮಾರನೆಯ ಸಂಜೆ ಬ್ಯಾಟು ಬಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಿದ್ದಳು. ಅದನ್ನು ರಾಕೆಟ್ ಅನ್ನಬೇಕು ಅಜ್ಜಿ ಎಂದು ಎಷ್ಟು ಹೇಳಿಕೊಟ್ಟರೂ ನನ್ನ ಬಾಯಿಗೆ ಬ್ಯಾಟು ಎಂದೇ ಬರುತ್ತದೆ.

ಮೊದಲು ಇದ್ದ ಕೋಚ್ ಒಂದು ಬುಟ್ಟಿ ಚೆಂಡು ತಂದಿಟ್ಟು, ನೂರು ಸರ್ವ್ ಹೊಡೀರಿ ಎಂದು ಹೇಳಿ, ಗೋಡೆಯ ನೆರಳಿಗೆ ಹೋಗಿ ಫೋನು ಹಿಡಿದು ನಿಲ್ಲುತ್ತಿದ್ದರು. ಮಕ್ಕಳೂ ನೂರು ಹೊಡೆಯುತ್ತಿದ್ದರು. ಹೋದದ್ದೆಲ್ಲ ಹೋದ ಕಡೆಗೆ. ನನ್ನ ಮೊಮ್ಮಗಳು ದಿನವೂ ನೂರು ಸಲ ತಪ್ಪು ಮಾಡುವುದನ್ನು ಅಚ್ಚುಕಟ್ಟಾಗಿ ಅಭ್ಯಾಸ ಮಾಡಿಕೊಂಡಳು. ಅವರು ಬೇರೆ ಕೆಲಸ ಸಿಕ್ಕಿ ಬಿಟ್ಟುಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಸ್ಟಾಫ್ ರೂಮಿಗೆ ಬಂದು, ಇಲ್ಲಿ ಟೆನಿಸ್ ಆಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದರಂತೆ. ರಸಾಯನಶಾಸ್ತ್ರದ ಮಿಸ್, ಕಾಲೇಜಿನಲ್ಲಿ ಒಂದಷ್ಟು ಆಡಿದ್ದೆ ಎಂದರಂತೆ. ಅಷ್ಟು ಹೇಳಿದ್ದಕ್ಕೆ ತಂಡ ಅವರ ಕೊರಳಿಗೆ ಬಿತ್ತು.

ಮಿಸ್ ಲ್ಯಾಬಿನಿಂದ ನೇರವಾಗಿ ಬರುತ್ತಿದ್ದರು, ಬಿಳಿ ಕೋಟು ಹಾಕಿಕೊಂಡೇ. ಅದರ ತೋಳಿನ ಮೇಲೆ ಹಳದಿ, ನೀಲಿ ಕಲೆಗಳು. ಮಂಡಿ ನೋವಿದ್ದದ್ದರಿಂದ ಓಡುತ್ತಿರಲಿಲ್ಲ. ಕೂಗುತ್ತಲೂ ಇರಲಿಲ್ಲ. ಲ್ಯಾಬಿನಲ್ಲಿ ಅವರದೊಂದು ಕಟ್ಟಪ್ಪಣೆ ಇತ್ತಂತೆ: ಇದನ್ನು ಅದಕ್ಕೆ ಸುರಿಯುವ ಮೊದಲು ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಸುರಿಯಬೇಕು. ಏನೂ ಹೇಳದೆ ಸುರಿದರೆ ಅದು ಪ್ರಯೋಗವಲ್ಲ, ಚೆಲ್ಲಾಟ. ಇದೇ ಪಾಠವನ್ನು ಅವರು ಕೋರ್ಟಿಗೂ ತಂದರು. ಸರ್ವ್ ಬೀಳಬೇಕಾದ ಚೌಕದಲ್ಲಿ ಮೂರು ಗುರಿ ಇಟ್ಟರು. ನಡುಗೆರೆಯ ಹತ್ತಿರದ ಮೂಲೆಗೆ ಒಂದು ತೂತು ಬಕೆಟ್ಟು, ಹೊರಗೆರೆಯ ಹತ್ತಿರದ ಮೂಲೆಗೆ ಸ್ಕೂಟರಿನ ಒಂದು ಹಳೆಯ ಟೈರು, ಎರಡರ ನಡುವೆ ಕಾವಲುಗಾರ ಬಿಸಾಡಿದ್ದ ಒಂಟಿ ಬೂಟು. ಚೆಂಡು ಕೈಯಲ್ಲಿ ಹಿಡಿದವಳು ಮೊದಲು ಗಟ್ಟಿಯಾಗಿ ಹೇಳಬೇಕು, ಬಕೆಟ್, ಟೈರ್ ಅಥವಾ ಬೂಟು. ಆಮೇಲೆ ಹೊಡೆಯಬೇಕು. ಯಾರಾದರೂ ಮರೆತು ಹಾಗೇ ಹೊಡೆದರೆ ಮಿಸ್ ಕೈ ಎತ್ತಿ ನಿಲ್ಲಿಸಿ, "ಹೇಳಿ ಹೊಡೆ," ಎನ್ನುವರು. ಇಡೀ ಸಂಜೆಗೆ ಅವರ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ಇದೊಂದೇ ಮಾತು.

ಮೊದಲ ವಾರ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಇದೇನು ಸಾಮಾನಿನ ಅಂಗಡಿಯಾ ಎಂದು ಕಿಚಾಯಿಸಿಕೊಂಡರು. ಎರಡನೆಯ ವಾರ ನಗು ಕಡಿಮೆಯಾಯಿತು. ಯಾಕೆಂದರೆ ದಾನಿಯ ಚೆಂಡುಗಳು ಚೌಕದೊಳಗೆ ಬೀಳತೊಡಗಿದ್ದವು.

ಅದು ಹೇಗೆ ಎಂದು ನಾನೇ ಕೇಳಿದೆ. ಮುಂಚೆ ಸರ್ವ್ ಮಾಡುವ ಹೊತ್ತಿಗೆ ಅವಳ ತಲೆಯೊಳಗೆ ಒಂದು ಸಂತೆಯೇ ನೆರೆಯುತ್ತಿತ್ತಂತೆ. ತಪ್ಪಿದರೆ ಏನು, ಯಾರು ನಗುತ್ತಾರೆ, ಮೊನ್ನೆಯೂ ಹೀಗೇ ಆಗಿತ್ತಲ್ಲ. ಬಾಯಿ ಬಕೆಟ್ ಎಂದ ತಕ್ಷಣ ಉಳಿದವರೆಲ್ಲ ಜಾಗ ಸಾಲದೆ ಎದ್ದು ಹೋಗುತ್ತಾರಂತೆ. "ಅಜ್ಜಿ, ಮನೇಲಿ ನಾನು ಹೇಳಿದ್ದು ಯಾರೂ ಕೇಳಲ್ಲ. ಆ ಚೆಂಡು ಒಂದೇ ನಾನು ಹೇಳಿದ ಕಡೆ ಹೋಗೋದು," ಎಂದಳು. ನನಗೆ ನಗು ಬಂದರೂ ಅವಳ ಮುಖ ನೋಡಿ ಸುಮ್ಮನಾದೆ. ಅವಳು ತಮಾಷೆಗೆ ಹೇಳಿರಲಿಲ್ಲ.

ಮಿಸ್ ಇನ್ನೊಂದು ಪದ್ಧತಿಯನ್ನೂ ತಂದರು. ಡಬಲ್ಸ್ ಎಂದರೆ ಇಬ್ಬರು ಇಬ್ಬರ ವಿರುದ್ಧ ಆಡುವುದು. ಆ ಜೋಡಿಯಲ್ಲಿ ಯಾರೂ ತಾವು ಹೊಡೆದ ಚೆಂಡನ್ನು ತಾವೇ ಹೆಕ್ಕುವಂತಿಲ್ಲ, ಜೊತೆಯವಳು ಹೊಡೆದದ್ದನ್ನು ಹೆಕ್ಕಬೇಕು. ಯಾಕೆ ಎಂದು ಕೇಳಿದ್ದಕ್ಕೆ, ಹೆಕ್ಕಿ ನೋಡಿ, ಆಮೇಲೆ ನೀವೇ ಹೇಳಿ ಎಂದರು.

ಇದು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ಗುಡುಗಿಗೆ. ಗುಡುಗು ಎಂದರೆ ದಾನಿಯ ಜೊತೆ ಡಬಲ್ಸ್ ಆಡುವ ಹುಡುಗಿ. ತುಟಿ ಎರಡು ಮಾಡುವುದೇ ಅಪರೂಪ. ಸದ್ದೆಲ್ಲ ಅವಳ ಬ್ಯಾಟಿನದು. ತಂಡದಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಬೇರೆ ಇಲ್ಲ. ಹಿಂದಿನ ವರ್ಷದವರೆಗೆ ಒಬ್ಬಳೇ ಆಡುತ್ತಿದ್ದಳು, ಒಬ್ಬಳೇ ಗೆಲ್ಲುತ್ತಿದ್ದಳು, ಗೆದ್ದು ಒಬ್ಬಳೇ ಮನೆಗೆ ಹೋಗುತ್ತಿದ್ದಳು. ಮಿಸ್ ಬಂದ ಮೇಲೆ ಅವಳನ್ನು ಡಬಲ್ಸ್‌ಗೆ ಹಾಕಿದರು. ಶಾಲೆ ಶಾಲೆಗಳ ನಡುವಿನ ಪಂದ್ಯ ಎಂದರೆ ಎರಡು ಸಿಂಗಲ್ಸ್, ಒಂದು ಡಬಲ್ಸ್. ಮೂರರಲ್ಲಿ ಎರಡು ಗೆದ್ದವರಿಗೆ ದಿನದ ಗೆಲುವು. ಸಿಂಗಲ್ಸ್‌ಗೆ ತಯಾರಾಗಿದ್ದ ಹುಡುಗಿಯರು ಇದ್ದರು, ಡಬಲ್ಸ್‌ನಲ್ಲಿ ನಮ್ಮವರು ಸದಾ ನೆಲ ಕಚ್ಚುತ್ತಿದ್ದರು. ಮಿಸ್ ಹಾಕಿದ ಲೆಕ್ಕ ಇಷ್ಟೇ. ಗುಡುಗಿಗೆ ಮಾತ್ರ ಅದು ಶಿಕ್ಷೆಯಾಗಿ ಕಂಡಿತು, ಅದರಲ್ಲೂ ಜೊತೆಗೆ ಕಟ್ಟಿದ್ದು ದಾನಿಯನ್ನು. ಇವಳು ಹೊಡೆದ ಚೆಂಡುಗಳನ್ನು ಅವಳು ಹೆಕ್ಕುತ್ತಿದ್ದದ್ದು ಸತ್ತ ಹಲ್ಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ. ಆಟದಲ್ಲಿ ಇವಳ ಜೊತೆ ಆಡುತ್ತಿದ್ದ ಮಾತು ಎರಡೇ, ನಂದು ಮತ್ತು ನಿಂದು.

ಒಂದು ಶನಿವಾರ ಬೇರೆ ಶಾಲೆಯ ಜೊತೆ ಪಂದ್ಯ ನಿಗದಿಯಾಗಿತ್ತು. ಅದಕ್ಕೆ ಮುಂಚೆ ಒಂದು ಸಂಜೆ ಗುಡುಗು ಮಿಸ್ ಹತ್ತಿರ ಹೋಗಿ, ನನಗೆ ಸಿಂಗಲ್ಸ್ ವಾಪಸ್ ಕೊಡಿ, ಇಲ್ಲ ಅಂದರೆ ಬೇರೆ ಜೊತೆ ಕೊಡಿ, ಇವಳ ಜೊತೆ ಆಗಲ್ಲ ಎಂದಳು. ಮಿಸ್ ಬೈಯಲಿಲ್ಲ. ಈ ಶನಿವಾರ ಇವಳ ಜೊತೆ ಆಡು, ಆಮೇಲೆ ನೀನು ಹೇಳಿದ ಹಾಗೇ ಮಾಡುತ್ತೇನೆ ಎಂದರು. ಚೆಂಡಿನ ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದ ದಾನಿಗೆ ಅಷ್ಟೂ ಕೇಳಿಸಿತು.

ಮನೆಗೆ ಬರುವಾಗ ಎಲ್ಲ ಹೇಳಿದಳು. ಬೇರೆ ಹುಡುಗಿಯರೆಲ್ಲ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದರು. ಗುಡುಗು ಕೈಬಿಟ್ಟರೆ ಇವಳನ್ನು ಸೇರಿಸಿಕೊಳ್ಳುವವರು ಯಾರೂ ಇಲ್ಲ. ಮುಂದಿನ ವಾರದಿಂದ ಬೇಲಿಯ ಆಚೆ ನಿಂತು ನೀರಿನ ಬಾಟಲಿ ಕೊಡುವ ಕೆಲಸ. ಈ ಸಲ ಅವಳು ಅಳಲಿಲ್ಲ.

ಶನಿವಾರ ಶಾಲೆಯ ವ್ಯಾನಿನಲ್ಲಿ ಒಂದು ಮೂಲೆಯ ಸೀಟು ನನಗೂ ಸಿಕ್ಕಿತು. ಎದುರಾಳಿಗಳ ಶಾಲೆಯಲ್ಲಿ ಮೂರು ಕೋರ್ಟುಗಳು ಸಾಲಾಗಿದ್ದವು, ಒಂದರಲ್ಲೂ ಬಿರುಕಿಲ್ಲ. ನೋಡುವವರಿಗೆ ನೆರಳಿನ ಚಪ್ಪರ ಇತ್ತು. ನಾನು ಅಲ್ಲಿ ಕೂರದೆ ಡಬಲ್ಸ್ ಕೋರ್ಟಿನ ಹಿಂದುಗಡೆ ತಂತಿಬೇಲಿಗೆ ಒತ್ತಿಕೊಂಡು ಒಂದು ಕುರ್ಚಿ ಹಾಕಿಸಿಕೊಂಡೆ. ಹೊಲಿಗೆ ತಂದಿದ್ದೆ, ಆದರೆ ಸೂಜಿಗೆ ದಾರ ಪೋಣಿಸಿದ್ದಷ್ಟೇ ಬಂತು.

ಎದುರಿನ ಜೋಡಿಯಲ್ಲಿ ಒಬ್ಬಳು ಕನ್ನಡಕದವಳು, ಇನ್ನೊಬ್ಬಳು ಉದ್ದ ಜಡೆಯವಳು. ಒಬ್ಬಳ ಸರ್ವ್ ಸರದಿಗೆ ಒಂದು ಗೇಮ್, ಅಂಥ ಆರು ಗೆದ್ದವರಿಗೆ ಒಂದು ಸೆಟ್. ಮೊದಲು ಸರ್ವ್ ಮಾಡಿದ್ದು ಗುಡುಗು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಗೇಮ್ ನಮ್ಮದಾಯಿತು. ಆಮೇಲಿನದು ಅವರದು. ಮೂರನೆಯದಕ್ಕೆ ದಾನಿ ಗೆರೆಯ ಹಿಂದೆ ಬಂದು ನಿಂತಳು. ಚೆಂಡನ್ನು ನೆಲಕ್ಕೆ ಕುಟ್ಟಿದಳು. ಗುರಿ ನೋಡಿದಳು.

"ಬಕೆಟ್," ಎಂದಳು, ಪ್ರಾಕ್ಟೀಸಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ.

ನಾನು ಬೆಪ್ಪಾದೆ. ಅಲ್ಲಿ ಬಕೆಟ್ಟೂ ಇಲ್ಲ, ಬೂಟೂ ಇಲ್ಲ. ಚೆಂಡು ಮಾತ್ರ ಬಕೆಟ್ಟು ಇರಬೇಕಾದ ಜಾಗದಲ್ಲೇ ಬಿತ್ತು. ಎದುರಿನ ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಮುಂದಿನ ಸಲ ಇವಳು ಟೈರ್ ಎಂದಾಗ ಜಡೆಯವಳು ನಿಜವಾಗಿಯೂ ಹಿಂದೆ ತಿರುಗಿ ನೋಡಿದಳು, ಎಲ್ಲಾದರೂ ಟೈರು ಉರುಳಿ ಬರುತ್ತಿದೆಯೋ ಏನೋ ಎಂದು. ಅಷ್ಟರಲ್ಲಿ ಚೆಂಡು ಅವಳನ್ನು ದಾಟಿ ಹೋಗಿತ್ತು. ಚಪ್ಪರದಲ್ಲಿದ್ದವರು ಕಿಸಕ್ಕನೆ ನಕ್ಕರು. ಆ ಗೇಮ್ ನಮಗೇ ಬಂತು.

ತಾನು ಬಾಯಿಬಿಟ್ಟು ಹೇಳುತ್ತಿದ್ದೇನೆ ಎನ್ನುವುದೇ ದಾನಿಗೆ ಗೊತ್ತಿರಲಿಲ್ಲ. ಉಸಿರಾಡುವಷ್ಟು ಸಲೀಸಾಗಿ ಅದು ಅವಳ ಸರ್ವ್‌ಗೆ ಅಂಟಿಕೊಂಡುಬಿಟ್ಟಿತ್ತು. ಮಿಸ್ ನನ್ನ ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಎರಡು ಜೋಡಿಯೂ ನೆಟ್‌ನ ಆಚೆ ಈಚೆ ಜಾಗ ಬದಲಿಸುವಾಗ ಮಾತ್ರ ಕೋಚ್ ಆಟಗಾರರ ಜೊತೆ ಮಾತಾಡಬಹುದು. ಆ ಹೊತ್ತು ಬಂದಾಗ ಅವರು ಬೇಲಿಯ ಬಾಗಿಲಿನವರೆಗೆ ಹೋದರು, ಏನೂ ಹೇಳದೆ ನೀರು ಕೊಟ್ಟು ತಿರುಗಿ ಬಂದರು. ಕೂಗಬೇಡ ಎಂದು ಹೇಳಿದರೆ ಕೆಡುತ್ತದೆ, ಹೇಳದಿದ್ದರೂ ಕೆಡುತ್ತದೆ ಅಜ್ಜಿ ಎಂದರು.

ಕೆಟ್ಟಿತು. ಕನ್ನಡಕದವಳು ಚುರುಕಿನ ಹುಡುಗಿ. ದಾನಿ ಮತ್ತೆ ಸರ್ವ್‌ಗೆ ನಿಂತು ಬಕೆಟ್ ಎಂದದ್ದೇ ತಡ, ಅವಳು ನಡುಗೆರೆಯ ಕಡೆಗೆ ಸರಿದು ಕಾಯುತ್ತ ನಿಂತಳು. ಟೈರ್ ಎಂದಾಗ ಜಡೆಯವಳಿಗೆ ಹೊರಗಡೆ ಬೆರಳು ತೋರಿಸಿದಳು. ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತಿರುವ ಚೆಂಡನ್ನು ಯಾರು ಬೇಕಾದರೂ ಬಾರಿಸಬಹುದು. ಒಂದು ಏಟು ಬಂದು ನೆಟ್ ಹತ್ತಿರ ನಿಂತಿದ್ದ ಗುಡುಗಿನ ತೊಡೆಗೆ ಬಡಿಯಿತು. ಅವಳು ತೊಡೆ ಉಜ್ಜಿಕೊಳ್ಳುತ್ತ ಹಿಂದೆ ತಿರುಗಿದಳು.

"ಅರಚೋದು ನಿಲ್ಲಿಸ್ತೀಯಾ? ಎಲ್ಲಿ ಹೊಡೀತೀನಿ ಅಂತ ಅವರಿಗೇ ಹೇಳಿ ಹೇಳಿ ಹೊಡೀತಿದೀಯ."

"ನಾನಾ? ನಾನು ಅರಚಿದ್ನಾ?"

ಗುಡುಗು ಮತ್ತೆ ನೆಟ್ ಕಡೆಗೆ ತಿರುಗಿದಳು. ದಾನಿಯ ಕಿವಿ ಕೆಂಪಾಯಿತು. ಆ ಗೇಮೂ ಹೋಯಿತು, ಸ್ವಲ್ಪ ಹೊತ್ತಿನಲ್ಲಿ ಮೊದಲ ಸೆಟ್ಟೂ ಹೋಯಿತು.

ಸೆಟ್ ಮುಗಿದಾಗ ತಲೆಗೊಂದು ಸಲಹೆ ಬಂತು. ಬಾಟಲಿ ಕೊಡಲು ಬಂದಿದ್ದ ತಂಡದ ಹುಡುಗಿಯೊಬ್ಬಳು, ಬಕೆಟ್ ಅಂತ ಹೇಳಿ ಟೈರ್‌ಗೆ ಹೊಡಿ, ಅವರು ಮೋಸ ಹೋಗ್ತಾರೆ ಎಂದಳು. ಮಿಸ್ ಯೋಚಿಸಿ, ಬಾಯಲ್ಲಿ ಬೇಡ, ಮನಸ್ಸಿನಲ್ಲೇ ಹೇಳಿಕೋ ಎಂದರು. ದಾನಿ ಎಲ್ಲದಕ್ಕೂ ತಲೆಯಾಡಿಸಿದಳು. ಅವಳು ತಲೆಯಾಡಿಸಿದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಒಂದಕ್ಷರವೂ ಒಳಗೆ ಇಳಿದಿಲ್ಲ.

ಎರಡನೆಯ ಸೆಟ್ಟಿನಲ್ಲಿ ಅವಳ ಸರದಿ ಬಂದಾಗ ಮೊದಲು ಸುಳ್ಳು ಹೇಳಿ ನೋಡಿದಳು. ಬಕೆಟ್ ಎಂದು ಕೂಗಿ ಟೈರ್ ಕಡೆ ತಿರುಗಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಗು. ನಾಲಿಗೆ ಒಂದು ಕಡೆ ಎಳೆಯಿತು, ತೋಳು ಇನ್ನೊಂದು ಕಡೆ. ಚೆಂಡು ಎರಡೂ ಕಡೆ ಹೋಗದೆ ಸೀದಾ ಹೋಗಿ ಗುಡುಗಿನ ಬೆನ್ನಿಗೆ ಬಡಿಯಿತು. ಚಪ್ಪರದಲ್ಲಿ ನಗೆಯೋ ನಗೆ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಮನಸ್ಸಿನಲ್ಲಿ ಹೇಳಿಕೊಂಡಳೋ ಇಲ್ಲವೋ, ಸಂತೆ ಮಾತ್ರ ಮತ್ತೆ ನೆರೆದಿತ್ತು. ಒಂದು ನೆಟ್‌ಗೆ, ಒಂದು ಗೆರೆಯಾಚೆ, ಇನ್ನೊಂದು ಸೀದಾ ಬೇಲಿಗೆ. ಎರಡು ಪಾಯಿಂಟು ಹೀಗೇ ದಾನವಾಗಿ ಹೋಯಿತು.

ಅಷ್ಟರಲ್ಲಿ ಪಕ್ಕದ ಕೋರ್ಟುಗಳಲ್ಲಿ ಚಪ್ಪಾಳೆ ಕೇಳಿಸಿತು. ಸಿಂಗಲ್ಸ್ ಎರಡೂ ಮುಗಿದಿದ್ದವು. ಎರಡರಲ್ಲೂ ನಮ್ಮವರು ಸೋತಿದ್ದರು. ಎರಡು ಹೋದ ಮೇಲೆ ಮೂರನೆಯದು ಗೆದ್ದರೂ ಒಂದೇ, ಬಿಟ್ಟರೂ ಒಂದೇ. ಇಂಥ ಹೊತ್ತಿನಲ್ಲಿ ಎರಡು ಜೋಡಿಯೂ ಒಪ್ಪಿದರೆ ಕೈಕುಲುಕಿ ಆಟ ನಿಲ್ಲಿಸಿಬಿಡುವ ರೂಢಿ ಉಂಟಂತೆ. ಆ ಶಾಲೆಯ ಕೋಚ್ ಬಂದು ಸಮಾಧಾನವಾಗಿಯೇ ಹೇಳಿದರು: ಬಿಸಿಲು ಏರಿದೆ, ಮಕ್ಕಳಿಗೆ ಊಟ ತಯಾರಿದೆ, ಬೇಕಾದರೆ ನಿಲ್ಲಿಸಬಹುದು. ಜಡೆಯವಳು ಆಗಲೇ ಬೆವರು ಒರೆಸಿಕೊಂಡು ನೆಟ್ ಹತ್ತಿರ ಬಂದು ಕೈ ಚಾಚಿದಳು. ಮಿಸ್, ನಿಮ್ಮ ಇಷ್ಟ ಎನ್ನುವಂತೆ ನಮ್ಮ ಹುಡುಗಿಯರ ಕಡೆ ನೋಡಿದರು.

ದಾನಿ ಬ್ಯಾಟು ಬಗಲಿಗಿಟ್ಟುಕೊಂಡು ನೆಟ್ ಕಡೆಗೆ ಹೊರಟಳು. ತಲೆ ಎತ್ತಲೇ ಇಲ್ಲ. ಮುಂದಿನ ವಾರದ ನೀರಿನ ಬಾಟಲಿಗಳು ಆಗಲೇ ಅವಳ ಕೈಗೆ ಬಂದುಬಿಟ್ಟಂತಿತ್ತು ನಡಿಗೆ. ಗುಡುಗು ಎದುರಿಗೆ ಬಂದು ಅಡ್ಡ ನಿಂತಳು. ನನ್ನಿಂದ ಬಹಳ ದೂರ ಇರಲಿಲ್ಲ, ಅವರ ಮಾತು ಕೇಳುತ್ತಿತ್ತು.

"ಎಲ್ಲಿಗೆ ಹೊರಟೆ?"

"ಮುಗೀತಲ್ಲ."

"ನನ್ನ ಕೇಳಿದ್ಯಾ?"

ಗುಡುಗಿಗೆ ಉದ್ದ ಮಾತು ರೂಢಿಯಿಲ್ಲ, ಹಾಗಾಗಿ ಮಾತು ಜೋಡಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಇಷ್ಟು ದಿನ ನಿನ್ನ ಚೆಂಡು ಹೆಕ್ಕಿ ಹೆಕ್ಕಿ ನನ್ನ ಸೊಂಟ ಬಿದ್ದೋಗಿದೆ ಕಣೇ. ನೀನು ಹೇಳಿ ಹೊಡೆದಿದ್ದು ಯಾವತ್ತೂ ಹತ್ತಿರದಲ್ಲೇ ಸಿಗುತ್ತೆ. ಹೇಳ್ದೇ ಹೊಡೆದಿದ್ದಕ್ಕೆ ಬೇಲಿ ಬುಡದವರೆಗೂ ಹೋಗ್ಬೇಕು. ನಿನಗೆ ಗೊತ್ತೋ ಇಲ್ವೋ, ನನಗೆ ಗೊತ್ತು. ಹೇಳು, ಹೊಡಿ."

"ಹೇಳಿದ್ರೆ ಅವರಿಗೆ ಕೇಳುತ್ತೆ."

"ಅವರಿಗೆ ಯಾಕೆ ಹೇಳ್ತೀಯ? ನನಗೆ ಹೇಳು."

ದಾನಿ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದಳು. ಗುಡುಗು ತಿರುಗಿ ನೆಟ್ ಕಡೆಗೆ, ನಾವು ಆಡ್ತೀವಿ ಎಂದಳು. ಚಾಚಿದ ಕೈಯನ್ನು ಜಡೆಯವಳು ವಾಪಸ್ ಎಳೆದುಕೊಂಡಳು. ಅವಳಿಗೆ ಹಸಿವಾಗಿತ್ತು, ಪಾಪ. ಕನ್ನಡಕದವಳಿಗೆ ಮಾತ್ರ ಇದು ಹಿಡಿಸಿತೆಂದು ಕಾಣುತ್ತದೆ, ಕಾಲುಚೀಲ ಎಳೆದುಕೊಂಡು ತನ್ನ ಜಾಗಕ್ಕೆ ಓಡಿದಳು.

ಗುಡುಗು ನೆಟ್ ಹತ್ತಿರ ಹೋಗುವ ಬದಲು ಹಿಂದೆ ಬಂದು ಇವಳ ಬಾಯಿಗೆ ಕಿವಿ ಕೊಟ್ಟಳು. ಇವಳು ಅಭ್ಯಾಸಬಲದಿಂದ ಗಂಟಲು ತೆರೆದೇ ಹೇಳಿದಳು. ಗುಡುಗು ಕಿವಿ ಹಿಡಿದುಕೊಂಡು ಎರಡು ಹೆಜ್ಜೆ ಹಾರಿದಳು.

"ಕಿವಿಗೆ ಹೇಳು ಅಂದೆ. ಊರಿಗಲ್ಲ."

ನಮ್ಮ ಕಡೆಯವರೇ ನಕ್ಕರು. ದಾನಿಯೂ ನಕ್ಕಳು, ಆ ದಿನ ಮೊದಲ ಸಲ. ಎರಡನೆಯ ಸಲ ಏನು ಪಿಸುಗುಟ್ಟಿದಳೋ ನನಗೂ ಕೇಳಿಸಲಿಲ್ಲ. ಗುಡುಗು ಹೋಗಿ ನೆಟ್ ಹತ್ತಿರ ನಿಂತಳು. ಚೆಂಡು ಮೇಲೆ ಹೋಯಿತು, ಬ್ಯಾಟು ಬಂತು, ಬೂಟು ಇರಬೇಕಾದ ಜಾಗಕ್ಕೆ, ಅಂದರೆ ಕನ್ನಡಕದವಳ ಹೊಟ್ಟೆಯ ಕಡೆಗೇ ಚೆಂಡು ನುಗ್ಗಿತು. ಅವಳು ಹೇಗೋ ಮೈ ಬಾಗಿಸಿ ತಿರುಗಿಸಿ ಕಳಿಸಿದಳು. ಕಳಿಸಿದ ಜಾಗದಲ್ಲಿ ಗುಡುಗು ಮೊದಲೇ ಬಂದು ನಿಂತಿದ್ದಳು. ಒಂದೇ ಏಟು. ಪಕ್ಕದ ಕೋರ್ಟಿನವರೂ ತಿರುಗಿ ನೋಡಿದರು.

ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ದಿನ ಆ ಹುಡುಗಿ ದಾನಿಗೆ ಬೆನ್ನು ಹಾಕಿ ನೆಟ್ ಹತ್ತಿರ ನಿಲ್ಲುತ್ತಿದ್ದಳು. ಹಿಂದಿನಿಂದ ಚೆಂಡು ಎಲ್ಲಿಗೆ ಹೋಗುತ್ತದೆ, ಎದುರಿನಿಂದ ಎಲ್ಲಿಗೆ ಬರುತ್ತದೆ, ಏನೂ ಗೊತ್ತಿಲ್ಲದೆ. ಬೊಗಳುವ ನಾಯಿಗೆ ಬೆನ್ನು ಕೊಟ್ಟು ನಿಂತವಳ ಹಾಗೆ ಅವಳ ಭುಜ ಯಾವಾಗಲೂ ಸೆಟೆದೇ ಇರುತ್ತಿತ್ತು. ಅದನ್ನು ನಾನು ಜಂಬ ಎಂದುಕೊಂಡಿದ್ದೆ. ಈಗ ಆ ಭುಜ ಇಳಿದಿತ್ತು.

ಮಿಸ್ ನನ್ನ ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟರು, ಮಂಡಿ ನೋವನ್ನೂ ಮರೆತು.

"ಅರ್ಧ ಪ್ರಯೋಗ ಮಾ‌ಡಿಸಿ ಬಿಟ್ಟಿದ್ದೆ ಅಜ್ಜಿ," ಎಂದರು. "ಹೇಳೋದು ಕಲಿಸಿದೆ. ಯಾರಿಗೆ ಹೇಳ್ಬೇಕು ಅಂತ ಕಲಿಸಲೇ ಇಲ್ಲ."

ಅಲ್ಲಿಂದ ಮುಂದೆ ಎಲ್ಲವೂ ನೆಟ್ಟಗೆ ನಡೆಯಿತು ಎಂದೇನಲ್ಲ. ಕಿವಿಯಲ್ಲಿ ಹೇಳಿದ ಮೇಲೂ ದಾನಿ ಕೆಲವು ಸಲ ತಪ್ಪಿದಳು. ಒಂದು ಸಲ ಬಕೆಟ್ ಎಂದದ್ದಕ್ಕೆ ಗುಡುಗು ಒಂದು ಕಡೆ ಓಡಿದಳು, ಚೆಂಡು ಇನ್ನೊಂದು ಕಡೆ ಹೋಗಿ, ಇಬ್ಬರೂ ಡಿಕ್ಕಿ ಹೊಡೆದುಕೊಂಡು ಕೂತರು. ಆದರೆ ಪ್ರತಿ ಸಲವೂ ಗುಡುಗು ಹಿಂದೆ ಬಂದಳು, ಪ್ರತಿ ಸಲವೂ ಕಿವಿ ಕೊಟ್ಟಳು. ತನ್ನ ಸರ್ವ್ ಬಂದಾಗ ತಾನೂ ಹೋಗಿ ಇವಳ ಕಿವಿಯಲ್ಲಿ ಹೇಳತೊಡಗಿದಳು. ಆ ಬಾಯಿಂದ ಅಷ್ಟು ಮಾತು ಬಂದದ್ದನ್ನು ತಂಡದವರು ಯಾರೂ ಕಂಡಿರಲಿಲ್ಲ. ಸೋತು ಬಂದ ಸಿಂಗಲ್ಸ್ ಹುಡುಗಿಯರಲ್ಲಿ ಒಬ್ಬಳು ತಲೆಯ ಮೇಲೆ ಟವೆಲ್ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದವಳು, ಮೊದಲು ಟವೆಲ್ಲಿನ ಸಂದಿಯಿಂದ ನೋಡಿದಳು, ಆಮೇಲೆ ಟವೆಲ್ ತೆಗೆದಳು, ಆಮೇಲೆ ಬೇಲಿಗೇ ಬಂದು ಅಂಟಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ನಿಂತರು. ಊಟಕ್ಕೆ ಹೋಗಿದ್ದ ಎದುರು ಶಾಲೆಯ ಮಕ್ಕಳೂ ತಟ್ಟೆ ಹಿಡಿದುಕೊಂಡೇ ಬಂದರು. ವ್ಯಾನಿನ ಡ್ರೈವರ್ ಹೊರಡೋಣ ಎಂದು ಹೇಳಲು ಬಂದವರು ಹೇಳುವುದನ್ನು ಮರೆತರು.

ಎರಡನೆಯ ಸೆಟ್ಟು ನಮ್ಮವರದಾಯಿತು. ಹೀಗೆ ಒಂದೊಂದು ಸೆಟ್ ಸಮವಾದರೆ ಮೂರನೆಯ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಒಂದು ಚಿಕ್ಕ ಆಟ ಆಡಿಸುತ್ತಾರೆ. ಅದರಲ್ಲಿ ಇವರು ಮುಂದೆ, ಅವರು ಮುಂದೆ ಎಂದು ಹಗ್ಗಜಗ್ಗಾಟವಾಗಿ, ಕೊನೆಯ ಪಾಯಿಂಟು ಹೇಗೆ ಬಂತು ಎಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಜಡೆಯವಳು ಹೊಡೆದ ಚೆಂಡು ನೆಟ್‌ನ ಮೇಲಂಚಿಗೆ ತಾಗಿ, ಈಚೆ ಬರಲೋ ಆಚೆ ಬೀಳಲೋ ಎಂದು ಯೋಚಿಸಿ, ಅವರ ಕಡೆಗೇ ಬಿತ್ತು. ಗೆದ್ದವರಿಗೆ ಗೆದ್ದೆವೆಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸ್ಕೋರಿನ ಹಲಗೆಯ ಮೇಲೆ ನಮ್ಮ ಶಾಲೆಯ ಹೆಸರಿನ ಮುಂದೆ ಒಂದು, ಅವರ ಹೆಸರಿನ ಮುಂದೆ ಎರಡು. ದಿನ ಅವರದೇ.

ಕೈಕುಲುಕುವಾಗ ಕನ್ನಡಕದವಳು ದಾನಿಯ ಕೈ ಬಿಡದೆ, ಬಕೆಟ್ ಅಂದರೆ ಏನು ಎಂದು ಕೇಳಿದಳು. ಇವಳು ತೂತು ಬಕೆಟ್ಟಿನಿಂದ ಹಿಡಿದು ಒಂಟಿ ಬೂಟಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಗುಡುಗು ಪಕ್ಕದಲ್ಲಿ ಹಣೆ ಚಚ್ಚಿಕೊಂಡಳು.

ವ್ಯಾನ್ ಹತ್ತುವ ಮುಂಚೆ ಮಿಸ್ ಗುಡುಗನ್ನು ಪಕ್ಕಕ್ಕೆ ಕರೆದರು. ದಾನಿ ನನ್ನ ಚೀಲ ಹಿಡಿದುಕೊಂಡು ನಿಂತಿದ್ದವಳು ಚೀಲದ ಬಾಯಿಯನ್ನು ಬಿಗಿಯಾಗಿ ಮುದುಡಿ ಹಿಡಿದಳು. ಮಿಸ್ ಸುತ್ತಿ ಬಳಸಿ ಮಾತಾಡಲಿಲ್ಲ. ಶನಿವಾರ ಆಯಿತು, ನಾನು ಕೊಟ್ಟ ಮಾತು ನೆನಪಿದೆ, ನೀನು ಹೇಗೆ ಹೇಳಿದರೆ ಹಾಗೆ ಎಂದರು. ಗುಡುಗು ಹುಬ್ಬು ಗಂಟಿಕ್ಕಿ ನೆಲ ನೋಡಿದಳು. ಮತ್ತೆ ಮಾತು ಜೋಡಿಸಿಕೊಳ್ಳುತ್ತಿದ್ದಳು.

"ಮಿಸ್, ಅವಳು ಎಡಗಡೆ ನಿಂತು ಸರ್ವ್ ಮಾಡುವಾಗ ಟೈರ್‌ಗೆ ಹೋಗೋದೇ ಇಲ್ಲ. ಗಮನಿಸಿದ್ರಾ?"

"ಗಮನಿಸಿದೆ."

"ಅದನ್ನ ಮೊದಲು ಸರಿ ಮಾಡ್ಬೇಕು. ಅವಳೊಬ್ಬಳೇ ಮಾಡಿದ್ರೆ ಆಗಲ್ಲ. ನಾನು ನೆಟ್ ಹತ್ರ ನಿಂತಿರ್ಬೇಕು."

ಮಿಸ್ ಆಯಿತು ಎಂದರು. ಹೆಚ್ಚು ಕೇಳಲೂ ಇಲ್ಲ, ಹೊಗಳಲೂ ಇಲ್ಲ. ಕೋಟಿನ ಜೇಬಿನಿಂದ ಕೋರ್ಟಿನ ಬೀಗದ ಕೈ ತೆಗೆದು ಗುಡುಗಿನ ಕೈಗೆ ಕೊಟ್ಟರು. ನಾಳೆ ಭಾನುವಾರ, ಶಾಲೆ ಇರುವುದಿಲ್ಲ, ಬೇಕಾದಷ್ಟು ಹೊತ್ತು ಆಡಿ ಎಂದರು. ದಾನಿ ನನ್ನ ಚೀಲವನ್ನು ಅಲ್ಲೇ ನೆಲಕ್ಕೆ ಇಟ್ಟು ಅವರ ಕಡೆ ಓಡಿದಳು. ಸೂಜಿ, ದಾರ, ಯಾರದೋ ಪ್ಯಾಂಟು ಎಲ್ಲ ಧೂಳಿನಲ್ಲಿ ಕೂತವು. ಬಿಡಿ, ಒಗೆದರೆ ಹೋಗುತ್ತದೆ.

ವ್ಯಾನಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಜಗಳವಾಡಿದರು. ನೀನು ಅಲ್ಲಿ ನಿಲ್ಲಬೇಕಿತ್ತು, ನೀನು ಮೊದಲೇ ಹೇಳಬೇಕಿತ್ತು, ನಿನ್ನ ಬಾಯಿಯ ಬಿಸಿಗೆ ಕಿವಿ ಬೆಂದು ಹೋಯಿತು, ಹೀಗೆ. ತಂಡದವರು ತಡೆಯಲಾರದೆ ಹಾಡು ಹಾಕಿ ಎಂದು ಡ್ರೈವರನ್ನು ಬೇಡಿಕೊಂಡರು.

ಅಂಗಡಿಗೆ ಬಂದಾಗ ಮಗಳು ಮಿಷನ್ನಿನ ಮೇಲೆ ಬಾಗಿದ್ದಳು. ಕಾಲು ನಿಲ್ಲಿಸದೆಯೇ, ಏನಾಯ್ತು ಎಂದು ಕೇಳಿದಳು. ಮೊಮ್ಮಗಳು ಮೂಲೆಯ ಕೊಡದಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದು ಲೋಟ ಕೆಳಗಿಟ್ಟಳು.

"ಸೋತ್ವಿ ಅಮ್ಮ. ನಾಳೆ ನನ್ನ ಬೇಗ ಎಬ್ಬಿಸು."

ಮಗಳ ಕಾಲು ನಿಂತಿತು. ಕನ್ನಡಕ ಮೂಗಿನ ತುದಿಗೆ ಜಾರಿಸಿ ಅವಳ ಮುಖವನ್ನು ನೋಡಿದಳು. ಕಣ್ಣು ಒರೆಸಿಕೊಂಡ ಗುರುತು ಎಲ್ಲೂ ಇರಲಿಲ್ಲ. ನನ್ನ ಕಡೆ ತಿರುಗಿ ಹುಬ್ಬು ಏರಿಸಿದಳು. ನಾನು ಧೂಳು ಹಿಡಿದ ಪ್ಯಾಂಟನ್ನು ಕೊಡವುತ್ತ, ಅವಳನ್ನೇ ಕೇಳು ಎಂದೆ.

"ನಾಳೆ ಭಾನುವಾರ ಕಣೇ. ಬೇಗ ಎದ್ದು ಏನು ಮಾಡ್ತೀಯ?"

"ನನ್ನ ಜೊತೆಯವಳು ಬರ್ತಾಳೆ," ಎಂದಳು.